ಕ್ಲಚ್ ಬೇಕಾ, ಬೇಡ್ವಾ? ಪರ್ಫಾರ್ಮೆನ್ಸ್ ಸೆಡಾನ್‌ಗೆ ಗೇರ್‌ಬಾಕ್ಸ್ ಆರಿಸುವುದು ಹೇಗೆ

ಮ್ಯಾನುಯಲ್ ಓಡಿಸುವವರೇ ನಿಜವಾದ ಡ್ರೈವರ್‌ಗಳು ಎಂಬ ವಾದ, ಆಟೊಮ್ಯಾಟಿಕ್ಕೇ ಬೇಗ ಓಡುತ್ತದೆ ಅಂದಮೇಲೆ ಇನ್ನೇನು ಮಾತು ಎಂಬ ವಾದ, ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಎರಡೂ ಅರ್ಧ ನಿಜ. ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಗೊಳ್ಳುವಾಗ ಮನಸ್ಸು ಹೇಳಿದ್ದನ್ನು ಕೇಳಿದರೆ ಸಾಕು, ಯಾಕೆಂದರೆ ಅದು ಇರುವುದೇ ಖುಷಿಗೆ. ಸೆಡಾನ್ ಹಾಗಲ್ಲ. ವಾರವಿಡೀ ಕೆಲಸಕ್ಕೆ ಹೋಗಬೇಕು, ಹಿಂದಿನ ಸೀಟಿನಲ್ಲಿ ಮಕ್ಕಳು ಕೂರಬೇಕು, ಡಿಕ್ಕಿಯಲ್ಲಿ ಲಗೇಜ್ ಹಿಡಿಸಬೇಕು, ಇಷ್ಟೆಲ್ಲ ಆದಮೇಲೆ ಯಾವತ್ತೋ ಒಂದು ದಿನ ಬೆಳಗ್ಗೆ ಖಾಲಿ ರಸ್ತೆ ಸಿಕ್ಕರೆ ಅಲ್ಲಿ ಮಜಾನೂ ಕೊಡಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪವರ್ ಕಡಿಮೆ ಇದ್ದಷ್ಟೂ ಮ್ಯಾನುಯಲ್‌ನಿಂದ ಸಿಗುವುದು ಜಾಸ್ತಿ, ಪವರ್ ಏರಿದಷ್ಟೂ ಆಟೊಮ್ಯಾಟಿಕ್ ಕಡೆಗೆ ತೂಕ ಜಾಸ್ತಿ. ಹೆಚ್ಚಿನವರು ಇದನ್ನು ಉಲ್ಟಾ ಅಂದುಕೊಂಡಿರುತ್ತಾರೆ. ಯಾಕೆ ಅನ್ನೋದು 4ನೇ ಹಂತದಲ್ಲಿ ಬರುತ್ತದೆ.

ಹಂತ 1: ನಿಮಗೆ ನಿಜವಾಗಿ ಆಯ್ಕೆ ಇದೆಯಾ ನೋಡಿ

ವಾರಗಟ್ಟಲೆ ತಲೆ ಕೆಡಿಸಿಕೊಂಡು ಶೋರೂಮ್‌ಗೆ ಹೋದಮೇಲೆ, ಇಷ್ಟಪಟ್ಟ ಮಾಡೆಲ್ ಒಂದೇ ಗೇರ್‌ಬಾಕ್ಸ್‌ನಲ್ಲಿ ಬರುತ್ತದೆ ಅಂತ ಗೊತ್ತಾಗುವವರು ತುಂಬ ಜನ. ಮರ್ಸಿಡಿಸ್-ಎಎಂಜಿ ಸಿ63ಕ್ಕೆ ಕ್ಲಚ್ ಪೆಡಲ್ ಬರುವುದೇ ಇಲ್ಲ. ಹೋಂಡಾ ಸಿವಿಕ್ ಎಸ್‌ಐ ಇದಕ್ಕೆ ತದ್ವಿರುದ್ಧ, ಅದು ಮ್ಯಾನುಯಲ್ ಮಾತ್ರ. ಆಲ್ಫಾ ರೋಮಿಯೊ ಜೂಲಿಯಾ ಕ್ವಾಡ್ರಿಫೋಲಿಯೊ ಮೊದಮೊದಲು ಕೆಲವು ದೇಶಗಳಲ್ಲಿ ಮ್ಯಾನುಯಲ್‌ನಲ್ಲೂ ಸಿಗುತ್ತಿತ್ತು, ಆಮೇಲೆ ಅದನ್ನು ನಿಲ್ಲಿಸಿದರು. ಎರಡೂ ಬಗೆ ಕೊಟ್ಟವರ ಸಾಲಿನಲ್ಲಿ ಬಿಎಂಡಬ್ಲ್ಯು ಎಂ3, ಕ್ಯಾಡಿಲಾಕ್‌ನ ಎರಡು ಬ್ಲ್ಯಾಕ್‌ವಿಂಗ್ ಸೆಡಾನ್‌ಗಳು, ಹ್ಯುಂಡೈ ಎಲಾಂಟ್ರಾ ಎನ್, ಸುಬಾರು ಡಬ್ಲ್ಯುಆರ್‌ಎಕ್ಸ್ ಇವೆ. ಆದರೆ ದೇಶದಿಂದ ದೇಶಕ್ಕೆ, ವರ್ಷದಿಂದ ವರ್ಷಕ್ಕೆ ಪಟ್ಟಿ ಬದಲಾಗುತ್ತಲೇ ಇರುತ್ತದೆ. ನಿಮ್ಮಲ್ಲಿ ಈಗ ಏನು ಸಿಗುತ್ತದೆ ಅನ್ನೋದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಎರಡೂ ಸಿಕ್ಕರೂ ಒಂದು ವಿಷಯ ಗಮನಿಸಬೇಕು. ಗೇರ್‌ಬಾಕ್ಸ್ ಬದಲಾದರೆ ಅದರ ಜೊತೆ ಬೇರೆ ಏನೇನೋ ಬದಲಾಗಿರುತ್ತದೆ. ಈಗಿನ ತಲೆಮಾರಿನ ಎಂ3 ಬಂದಾಗ ಮ್ಯಾನುಯಲ್ ಗಾಡಿಗೆ 480 ಎಚ್‌ಪಿ, 550 ನ್ಯೂಟನ್ ಮೀಟರ್ ಟಾರ್ಕ್ (ಇಂಜಿನ್ನಿನ ತಿರುಗು ಬಲ) ಇತ್ತು, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. ಆಟೊಮ್ಯಾಟಿಕ್ ಇದ್ದ ಕಾಂಪಿಟಿಷನ್ ಮಾಡೆಲ್‌ಗೆ 510 ಎಚ್‌ಪಿ, 650 ನ್ಯೂಟನ್ ಮೀಟರ್, ಬೇಕಾದರೆ ನಾಲ್ಕೂ ಚಕ್ರಕ್ಕೆ. ಎಲಾಂಟ್ರಾ ಎನ್‌ನಲ್ಲಿ 20 ಸೆಕೆಂಡ್ ಹೆಚ್ಚುವರಿ ಪವರ್ ಕೊಡುವ ಬಟನ್ ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಒಂದು ಬಗೆಯ ಆಟೊಮ್ಯಾಟಿಕ್) ಗಾಡಿಗೆ ಮಾತ್ರ. ಹಾಗೇ ಟ್ರಾಫಿಕ್‌ನಲ್ಲಿ ತಾನಾಗಿಯೇ ಪೂರ್ತಿ ನಿಂತು ಮತ್ತೆ ಹೊರಡುವ ಕ್ರೂಸ್ ಕಂಟ್ರೋಲ್ ಮ್ಯಾನುಯಲ್‌ನಲ್ಲಿ ಇರುವುದಿಲ್ಲ, ಕ್ಲಚ್ ಒತ್ತುವವರು ನೀವೇ ಅಲ್ವಾ. ಹೀಗಾಗಿ ಎರಡೂ ಮಾಡೆಲ್‌ಗಳ ಪೂರ್ತಿ ಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ನೀವು ಆರಿಸುತ್ತಿರುವುದು ಬರೀ ಗೇರ್‌ಬಾಕ್ಸ್ ಆಗಿರಲಿಕ್ಕಿಲ್ಲ.

ಹಂತ 2: 'ಆಟೊಮ್ಯಾಟಿಕ್' ಅಂದರೆ ಯಾವ ಆಟೊಮ್ಯಾಟಿಕ್, ಕೇಳಿ

ಎಲ್ಲರೂ ಎಡವುವುದು ಇಲ್ಲೇ. ಮ್ಯಾನುಯಲ್ ಅಂದರೆ ಸುಮಾರಾಗಿ ಒಂದೇ ವಸ್ತು, ಆಟೊಮ್ಯಾಟಿಕ್ ಅನ್ನೋ ಹೆಸರಿನ ಕೆಳಗೆ ಮಾತ್ರ ನಾಲ್ಕೈದು ಬೇರೆ ಬೇರೆ ಯಂತ್ರಗಳಿವೆ, ಅವುಗಳ ಸ್ವಭಾವವೂ ಬೇರೆ, ತೊಂದರೆಗಳೂ ಬೇರೆ.

ಬಿಎಂಡಬ್ಲ್ಯು ಎಂ5 ಒಂದನ್ನೇ ತಗೊಂಡರೆ ಇದು ಚೆನ್ನಾಗಿ ಕಾಣುತ್ತದೆ. ವಿ10 ಇಂಜಿನ್ ಇದ್ದ, ಇ60 ಎಂಬ ತಲೆಮಾರಿನ ಎಂ5ನಲ್ಲಿ ಎಸ್‌ಎಂಜಿ ಅಂತ ಇತ್ತು. ಒಳಗೆ ಸಾಮಾನ್ಯ ಮ್ಯಾನುಯಲ್ ತರಹದ್ದೇ ಗೇರ್‌ಬಾಕ್ಸ್, ಒಂದೇ ಕ್ಲಚ್, ಆದರೆ ಕ್ಲಚ್ ಒತ್ತೋದು ಗೇರ್ ಹಾಕೋದು ಎಲ್ಲ ಹೈಡ್ರಾಲಿಕ್ ಪಂಪ್‌ನ ಕೆಲಸ. ಜೋರಾಗಿ ಓಡಿಸಿದರೆ ಪರವಾಗಿಲ್ಲ, ನಿಧಾನಕ್ಕೆ ಹೋದರೆ ಪ್ರತಿ ಗೇರಿಗೂ ತಲೆ ಮುಂದಕ್ಕೆ ಹಿಂದಕ್ಕೆ ಆಡುತ್ತದೆ. ಅಮೆರಿಕದ ಗಿರಾಕಿಗಳಿಗಾಗಿ ಇದೇ ಗಾಡಿಯಲ್ಲಿ 6 ಗೇರಿನ ಮ್ಯಾನುಯಲ್ ಕೂಡ ಕೊಡಬೇಕಾಯಿತು. ಅದರ ನಂತರದ ಎಫ್10ರಲ್ಲಿ 7 ಗೇರಿನ ಡ್ಯುಯಲ್ ಕ್ಲಚ್ ಬಂತು. ಅದರ ನಂತರ, 2017ರಲ್ಲಿ ತೋರಿಸಿದ ಎಫ್90ರಲ್ಲಿ, ಡ್ಯುಯಲ್ ಕ್ಲಚ್ಚನ್ನೂ ಬಿಟ್ಟು 8 ಗೇರಿನ ಟಾರ್ಕ್ ಕನ್ವರ್ಟರ್‌ಗೆ ವಾಪಸ್ ಹೋದರು. ಮೂರು ತಲೆಮಾರು, ಮೂರು ಬೇರೆ ಯಂತ್ರ, ಮೂರಕ್ಕೂ ಜನ ಹೇಳೋದು ಆಟೊಮ್ಯಾಟಿಕ್ ಅಂತಲೇ.

ಟಾರ್ಕ್ ಕನ್ವರ್ಟರ್‌ನಲ್ಲಿ ಇಂಜಿನ್ನಿನ ತಿರುಗು ಬಲ ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟುತ್ತದೆ, ಹಾಗಾಗಿ ನಿಧಾನಕ್ಕೆ ಹೊರಡುವಾಗ, ಇಳಿಜಾರಿನಲ್ಲಿ ಪಾರ್ಕ್ ಮಾಡುವಾಗ ತುಂಬ ನಯ. ಹಿಂದೆ ಇದು ಸೋಮಾರಿ ಗೇರ್‌ಬಾಕ್ಸ್ ಅಂತ ಹೆಸರಾಗಿತ್ತು, ಎಣ್ಣೆಯಲ್ಲಿ ಜಾರಿ ಪವರ್ ಪೋಲಾಗುತ್ತಿತ್ತು. ಈಗಿನವು ಗಾಡಿ ಹೊರಟ ಸ್ವಲ್ಪ ಹೊತ್ತಿಗೇ ಲಾಕಪ್ ಕ್ಲಚ್ ಹಾಕಿ ಜಾರುವುದನ್ನು ನಿಲ್ಲಿಸಿಬಿಡುತ್ತವೆ. 2009ರಲ್ಲಿ ಬಂದ ಜಡ್‌ಎಫ್ ಕಂಪನಿಯ 8 ಗೇರಿನ, '8ಎಚ್‌ಪಿ' ಎಂಬ ಹೆಸರಿನ ಗೇರ್‌ಬಾಕ್ಸ್ ಬಂದಮೇಲಂತೂ ಹಳೆಯ ದೂರಿಗೆ ಅರ್ಥವೇ ಉಳಿದಿಲ್ಲ. ಬಿಎಂಡಬ್ಲ್ಯು, ಆಲ್ಫಾ, ಆಡಿ, ಹೀಗೆ ಎಷ್ಟೋ ಕಂಪನಿಗಳ ವೇಗದ ಸೆಡಾನ್‌ಗಳಲ್ಲಿ ಇರುವುದು ಇದೇ ಕುಟುಂಬ.

ಡ್ಯುಯಲ್ ಕ್ಲಚ್‌ನಲ್ಲಿ ಒಂದು ಕ್ಲಚ್ 1, 3, 5 ನೋಡಿಕೊಂಡರೆ ಇನ್ನೊಂದು 2, 4, 6 ನೋಡಿಕೊಳ್ಳುತ್ತದೆ. ಮುಂದಿನ ಗೇರ್ ಮೊದಲೇ ಸಿದ್ಧವಾಗಿ ಕಾದಿರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ರಸ್ತೆಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತಂದದ್ದು ಫೋಕ್ಸ್‌ವ್ಯಾಗನ್, 2003ರಲ್ಲಿ ಗಾಲ್ಫ್ ಆರ್32 ಜೊತೆ. ಜೋರಾಗಿ ಓಡಿಸುವಾಗ ಇದರಷ್ಟು ಚುರುಕು ಇನ್ನೊಂದಿಲ್ಲ. ಆದರೆ ಒಳಗಿರುವುದು ನಿಜವಾದ ಕ್ಲಚ್‌ಗಳೇ, ಹಾಗಾಗಿ ಇಂಚಿಂಚು ತೆವಳುವ ಟ್ರಾಫಿಕ್‌ನಲ್ಲಿ ಅವು ಹಾಫ್ ಕ್ಲಚ್‌ನಲ್ಲೇ ಸವೆಯುತ್ತವೆ, ಬಿಸಿಯೂ ಆಗುತ್ತವೆ. ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಾ ಅಥವಾ ಒಣ ಕ್ಲಚ್ಚಾ ಅಂತ ಕೇಳಿ. ಪರ್ಫಾರ್ಮೆನ್ಸ್ ಗಾಡಿಯಲ್ಲಿ ಎಣ್ಣೆಯದ್ದೇ ಇರಬೇಕು, ಎಲಾಂಟ್ರಾ ಎನ್‌ನ 8 ಗೇರಿನದ್ದು ಅಂಥದ್ದು.

ಸಿ63ನಂಥ ಎಎಂಜಿ ಗಾಡಿಗಳಲ್ಲಿ ಟಾರ್ಕ್ ಕನ್ವರ್ಟರ್ ಜಾಗದಲ್ಲಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇಟ್ಟ ಮಿಶ್ರ ಬಗೆಯೂ ಇದೆ. ಇನ್ನು ಸಿವಿಟಿ, ಅಂದರೆ ಗೇರುಗಳೇ ಇಲ್ಲದೆ ಬೆಲ್ಟ್ ಅಥವಾ ಚೈನ್ ಮೇಲೆ ನಡೆಯುವುದು. ಡಬ್ಲ್ಯುಆರ್‌ಎಕ್ಸ್‌ಗೆ ಆಟೊಮ್ಯಾಟಿಕ್ ಬೇಕು ಅಂದರೆ ಸಿಗುವುದು ಇದೇ, ಹೆಸರು ಮಾತ್ರ ಬೇರೆ ಇಟ್ಟಿದ್ದಾರೆ. ನನ್ನನ್ನು ಕೇಳಿದರೆ ಈ ಜಾತಿಯ ಗಾಡಿಗೆ ಸಿವಿಟಿ ಬೇಡವೇ ಬೇಡ. ಆಯ್ಕೆ ಸಿವಿಟಿ ಮತ್ತು ಮ್ಯಾನುಯಲ್ ನಡುವೆ ಇದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಮ್ಯಾನುಯಲ್ ತಗೊಳ್ಳಿ, ಅಥವಾ ಬೇರೆ ಗಾಡಿ ನೋಡಿ.

ಹಂತ 3: ನಿಮ್ಮ ವಾರ ಹೇಗಿರುತ್ತದೆ, ಬರೆದಿಡಿ

ಸುಮ್ನೆ ಮನಸ್ಸಿನಲ್ಲಿ ಅಂದಾಜು ಮಾಡಿದರೆ ಎಲ್ಲರಿಗೂ ಖಾಲಿ ರಸ್ತೆಯ ಡ್ರೈವ್‌ಗಳೇ ನೆನಪಾಗುತ್ತವೆ. ಒಂದು ವಾರ ಫೋನಿನಲ್ಲಿ ಗುರುತು ಹಾಕಿಕೊಳ್ಳಿ, ಎಷ್ಟು ಹೊತ್ತು ನಿಂತು ನಿಂತು ಹೋದಿರಿ, ಎಷ್ಟು ಹೊತ್ತು ಒಂದೇ ಗೇರಿನಲ್ಲಿ ಹೆದ್ದಾರಿಯಲ್ಲಿ ಹೋದಿರಿ, ಎಷ್ಟು ಹೊತ್ತು ತಿರುವುಗಳಿರುವ ರಸ್ತೆಯಲ್ಲಿ ನಿಮ್ಮಿಷ್ಟದ ಹಾಗೆ ಓಡಿಸಿದಿರಿ. ಹೆದ್ದಾರಿಯ ಸಮಯವನ್ನು ಲೆಕ್ಕದಿಂದ ತೆಗೆದುಬಿಡಿ, ಅಲ್ಲಿ ಎರಡೂ ಒಂದೇ. ಉಳಿದ ಎರಡರ ನಡುವೆ ಯಾವುದು ಜಾಸ್ತಿ ಅನ್ನೋದೇ ಮುಖ್ಯ.

ಕ್ಲಚ್ ಪೆಡಲ್ ವಿಷಯದಲ್ಲಿ ಒಂದು ಮಾತು. ಸಣ್ಣ ಕಾರಿನ ಕ್ಲಚ್ ಒತ್ತಿ ಅಭ್ಯಾಸ ಇರುವವರು 'ನಂಗೇನೂ ಕಷ್ಟ ಇಲ್ಲ' ಅಂದುಕೊಳ್ಳುತ್ತಾರೆ. ಟಾರ್ಕ್ ಹೆಚ್ಚಿದಷ್ಟೂ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯಲು ಗಟ್ಟಿ ಸ್ಪ್ರಿಂಗ್ ಬೇಕು, ಸ್ಪ್ರಿಂಗ್ ಗಟ್ಟಿಯಾದರೆ ಪೆಡಲ್ ಸಾಮಾನ್ಯವಾಗಿ ಭಾರ. ಕಂಪನಿಯವರು ಹೈಡ್ರಾಲಿಕ್ ಮೂಲಕ ಹಗುರ ಮಾಡಿರುತ್ತಾರೆ ನಿಜ, ಆದರೂ ಮಂಡಿ ನೋವೋ ಸೊಂಟ ನೋವೋ ಇರುವವರು ಒಂದು ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ನೋಡದೆ ಬುಕ್ ಮಾಡಬಾರದು.

ಮನೆಯಲ್ಲಿ ಇನ್ಯಾರು ಓಡಿಸುತ್ತಾರೆ ಅಂತಲೂ ಯೋಚಿಸಿ. ಬ್ರಿಟನ್‌ನಂಥ ಕೆಲವು ದೇಶಗಳಲ್ಲಿ ಆಟೊಮ್ಯಾಟಿಕ್‌ನಲ್ಲಿ ಪರೀಕ್ಷೆ ಪಾಸಾದವರ ಲೈಸೆನ್ಸ್ ಮ್ಯಾನುಯಲ್‌ಗೆ ನಡೆಯುವುದಿಲ್ಲ.

ಹಂತ 4: ಸೆಕೆಂಡ್ ಗೇರ್ ಎಲ್ಲಿಯವರೆಗೆ ಹೋಗುತ್ತದೆ, ಲೆಕ್ಕ ಹಾಕಿ

ಗೇರ್ ಬದಲಿಸುವ ಖುಷಿಗಾಗಿ ಮ್ಯಾನುಯಲ್ ತಗೊಳ್ಳುತ್ತೀರಿ ತಾನೇ? ಹಾಗಾದರೆ ಗೇರ್ ಬದಲಿಸಲು ಅವಕಾಶ ಸಿಗಬೇಕು. ಪವರ್ ಜಾಸ್ತಿ ಇರುವ ಮ್ಯಾನುಯಲ್ ಗಾಡಿಗಳಲ್ಲಿ 6 ಗೇರುಗಳಲ್ಲೇ ದೊಡ್ಡ ಟಾಪ್ ಸ್ಪೀಡನ್ನೂ ಮುಟ್ಟಬೇಕು, ಹೆದ್ದಾರಿಯಲ್ಲಿ ಇಂಜಿನ್ ಶಾಂತವಾಗಿಯೂ ಇರಬೇಕು, ಹೀಗಾಗಿ ಒಂದೊಂದು ಗೇರೂ ಉದ್ದುದ್ದ.

ಲೆಕ್ಕ ಸುಲಭ. ಟೆಸ್ಟ್ ಡ್ರೈವ್‌ನಲ್ಲಿ ಸೆಕೆಂಡ್ ಗೇರ್ ಹಾಕಿ ಸರಿಯಾಗಿ 3,000 ಆರ್‌ಪಿಎಂನಲ್ಲಿ ಗಾಡಿಯನ್ನು ಸ್ಥಿರವಾಗಿ ಹಿಡಿಯಿರಿ, ಸ್ಪೀಡ್ ಎಷ್ಟಿದೆ ನೋಡಿ, ಮೂರರಿಂದ ಭಾಗಿಸಿ. ಅದು 1,000 ಆರ್‌ಪಿಎಂಗೆ ಸಿಗುವ ವೇಗ. 3,000ಕ್ಕೆ 48 ಕಿ.ಮೀ. ಬಂತು ಅಂದುಕೊಳ್ಳಿ, 1,000ಕ್ಕೆ 16 ಆಯಿತು, ಇಂಜಿನ್ 7,000ದವರೆಗೆ ಹೋಗುವುದಾದರೆ ಸೆಕೆಂಡ್ ಗೇರ್ ಒಂದರಲ್ಲೇ 112 ಕಿ.ಮೀ. ಮೂರನೇ ಗೇರಿಗೂ ಹೀಗೇ ಮಾಡಿ. ಈಗ ನೀವು ಓಡಾಡುವ ರಸ್ತೆಗಳ ವೇಗದ ಮಿತಿ ನೆನಪಿಸಿಕೊಳ್ಳಿ. ಇಂಜಿನ್ ಪೂರ್ತಿ ಉಸಿರು ಬಿಡುವ ಹೊತ್ತಿಗೆ ಸೆಕೆಂಡ್ ಗೇರಿನಲ್ಲೇ ಮಿತಿ ದಾಟಿರುತ್ತೀರಿ, ಅಂದರೆ ನೀವು ಮಜವಾಗಿ ಬದಲಿಸುವುದು ಒಂದರಿಂದ ಎರಡಕ್ಕೆ, ಅಷ್ಟೇ.

200ರಿಂದ 300 ಎಚ್‌ಪಿಯ ಸೆಡಾನ್‌ನಲ್ಲಿ ಕಥೆ ಬೇರೆ. ಅಲ್ಲಿ ಪವರ್ ಸಿಗಬೇಕಾದರೆ ಸರಿಯಾದ ಗೇರಿನಲ್ಲಿ ಇರಲೇಬೇಕು, ತಿರುವಿಗೆ ಮುಂಚೆ ಇಳಿಸಬೇಕು, ತಿರುವು ದಾಟಿದ ಮೇಲೆ ಗೇರ್ ಮುಗಿಯುವವರೆಗೆ ಒತ್ತಿ ಹಿಡಿಯಬಹುದು, ಅದಕ್ಕೆ ಸಮಯವೂ ಇರುತ್ತದೆ. ನೀವು ಮಾಡುವ ಕೆಲಸಕ್ಕೆ ಫಲ ಕಾಣುತ್ತದೆ. 500 ಎಚ್‌ಪಿ ಇದ್ದು, ಟರ್ಬೊ (ಇಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಸಾಧನ) ಇದ್ದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಯಾವ ಗೇರಿನಲ್ಲಿದ್ದರೂ ಅದು ಚಿಮ್ಮುತ್ತದೆ, ನಿಮ್ಮ ಗೇರ್ ಆಯ್ಕೆಗೆ ಬೆಲೆಯೇ ಇಲ್ಲ.

ಟರ್ಬೊ ಅಂದಾಗ ಇನ್ನೊಂದು ವಿಷಯ. ಮ್ಯಾನುಯಲ್‌ನಲ್ಲಿ ಗೇರ್ ಬದಲಿಸಲು ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಒತ್ತಡ ಇಳಿಯುತ್ತದೆ, ಮತ್ತೆ ಒತ್ತಿದಾಗ ಅದು ತುಂಬಿಕೊಳ್ಳಲು ಒಂದು ಕ್ಷಣ ಬೇಕು. ಆಟೊಮ್ಯಾಟಿಕ್‌ನಲ್ಲಿ ಕಾಲು ಒತ್ತಿದ್ದಂತೆಯೇ ಗೇರ್ ಬದಲಾಗುವುದರಿಂದ ಆ ಇಳಿತ ಆಗುವುದಿಲ್ಲ. ಟರ್ಬೊ ಇಲ್ಲದ, ಮೇಲಿನ ಆರ್‌ಪಿಎಂನಲ್ಲಿ ಹಾಡುವ ಇಂಜಿನ್‌ಗೆ ಮ್ಯಾನುಯಲ್ ಹೊಂದುವುದು ಇದಕ್ಕೇ.

ಈ ವಾದಕ್ಕೆ ಅಡ್ಡ ನಿಲ್ಲುವ ಒಂದು ಗಾಡಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕ್ಯಾಡಿಲಾಕ್ ಸಿಟಿ5-ವಿ ಬ್ಲ್ಯಾಕ್‌ವಿಂಗ್, 668 ಎಚ್‌ಪಿ, ಜೊತೆಗೆ 6 ಗೇರಿನ ಮ್ಯಾನುಯಲ್, 10 ಗೇರಿನ ಆಟೊಮ್ಯಾಟಿಕ್ ಬೇಕಾದರೆ ಹೆಚ್ಚುವರಿ ಹಣ ಕೊಡಬೇಕು. ಅದರದ್ದು ಸೂಪರ್‌ಚಾರ್ಜರ್ ಇರುವ ವಿ8, ಸೂಪರ್‌ಚಾರ್ಜರ್ ಕೂಡ ಗಾಳಿ ತುಂಬುವ ಸಾಧನವೇ, ಆದರೆ ಇಂಜಿನ್ನಿನ ಜೊತೆಗೇ ತಿರುಗುವ ಕಾರಣ ಟರ್ಬೊ ತರಹ ಕಾಯಿಸುವುದಿಲ್ಲ. ಅಷ್ಟು ಪವರ್ ಹಿಂದಿನ ಎರಡು ಚಕ್ರಕ್ಕೆ ಹೋಗುವಾಗ ಎಡಗಾಲಿಗೂ ಕೆಲಸ ಕೊಡುವುದು ಕೆಲವರಿಗೆ ಬೇಕು ಅನಿಸುತ್ತದೆ. ಅಂಥವರಿಗೆ ನನ್ನ ಲೆಕ್ಕ ಅನ್ವಯಿಸಲ್ಲ.

0ರಿಂದ 100ರ ಅಂಕಿ? ಎಂ3 ಮ್ಯಾನುಯಲ್‌ಗೆ ಕಂಪನಿ ಹೇಳಿದ್ದು 4.2 ಸೆಕೆಂಡ್, ಹಿಂದಿನ ಚಕ್ರದ ಕಾಂಪಿಟಿಷನ್‌ಗೆ 3.9. ಅದರಲ್ಲೂ ಒಂದು ಪಾಲು ಹೆಚ್ಚುವರಿ ಟಾರ್ಕ್‌ನದ್ದು. ಈ 0.3 ಸೆಕೆಂಡ್ ನಿಮ್ಮ ಜೀವನದಲ್ಲಿ ಎಲ್ಲೂ ಕೆಲಸಕ್ಕೆ ಬರುವುದಿಲ್ಲ. ಅಂಕಿ ನೋಡಿ ಗೇರ್‌ಬಾಕ್ಸ್ ಆರಿಸಬೇಡಿ.

ಹಂತ 5: ಎರಡನ್ನೂ ಓಡಿಸಿ, ಆದರೆ ಇವನ್ನು ಗಮನಿಸಿ

ಶೋರೂಮ್‌ನವರು ಕೊಡುವ ಹತ್ತು ನಿಮಿಷದ ಸುತ್ತಿನಲ್ಲಿ ಎಲ್ಲ ಗಾಡಿಗಳೂ ಚೆನ್ನಾಗೇ ಕಾಣುತ್ತವೆ. ಸಾಧ್ಯವಾದರೆ ಜನಜಂಗುಳಿ ಇರುವ ಹೊತ್ತಿನಲ್ಲಿ ಕೇಳಿ, ಇಂಜಿನ್ ತಣ್ಣಗಿರುವಾಗಲೇ ಹತ್ತಿ.

ಮ್ಯಾನುಯಲ್‌ನಲ್ಲಿ ಮೊದಲು ಸೀಟು ಸರಿ ಮಾಡಿಕೊಂಡು ಕ್ಲಚ್ಚನ್ನು ತಳದವರೆಗೆ ಒತ್ತಿ. ಮಂಡಿ ಸ್ಟೀರಿಂಗ್‌ಗೆ ತಾಗಬಾರದು, ಪೂರ್ತಿ ಒತ್ತಿದಾಗ ಸೊಂಟ ಸೀಟಿನಿಂದ ಜಾರಬಾರದು. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನೋದು ಪಾದಕ್ಕೆ ಸ್ಪಷ್ಟವಾಗಿ ಗೊತ್ತಾಗಬೇಕು. ಗೊತ್ತಾಗದೇ ಇರುವ ಕ್ಲಚ್ ಇದ್ದರೆ ಟ್ರಾಫಿಕ್‌ನಲ್ಲಿ ದಿನಾ ಗಾಡಿ ಕುಕ್ಕುತ್ತದೆ. ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಸ್ವಲ್ಪ ಬಿಗಿ ಇರುವುದು ಸಹಜ, ಗೇರ್ ಆಯಿಲ್ ದಪ್ಪಗಿರುತ್ತದೆ, ಬಿಸಿಯಾದ ಮೇಲೂ ಹಾಗೇ ಇದ್ದರೆ ಸರಿಯಿಲ್ಲ. ಆಮೇಲೆ ಬ್ರೇಕ್ ಒತ್ತಿಕೊಂಡೇ ಬಲಗಾಲಿನ ಅಂಚಿನಿಂದ ಆಕ್ಸಿಲರೇಟರ್ ತಟ್ಟಲು ಆಗುತ್ತದಾ ನೋಡಿ, ಹೀಲ್ ಅಂಡ್ ಟೋ ಕಲಿಯುವ ಆಸೆ ಇದ್ದರೆ ಪೆಡಲ್‌ಗಳ ನಡುವಿನ ಅಂತರ ತುಂಬ ಮುಖ್ಯ. ಗೇರ್ ಇಳಿಸುವಾಗ ಇಂಜಿನ್ ತಾನೇ ಆರ್‌ಪಿಎಂ ಏರಿಸಿಕೊಳ್ಳುವ ರೆವ್ ಮ್ಯಾಚಿಂಗ್ ಸೌಲಭ್ಯ ಈಗ ಹೆಚ್ಚಿನವುಗಳಲ್ಲಿದೆ. ಅದನ್ನು ಆಫ್ ಮಾಡಲು ಬರುತ್ತದಾ ಅಂತ ಕೇಳಿ, ಕೆಲವದರಲ್ಲಿ ಅದಕ್ಕೆ ಬೇರೆ ಸುರಕ್ಷತಾ ವ್ಯವಸ್ಥೆಗಳನ್ನೂ ಆಫ್ ಮಾಡಬೇಕಾಗುತ್ತದೆ, ಅದೊಂದು ಕಿರಿಕಿರಿ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಯಾರೂ ಮಾಡುವುದಿಲ್ಲ. 4,000 ಆರ್‌ಪಿಎಂ ತನಕ ಹೋಗಿ ಕ್ಲಚ್ ಒತ್ತಿ, ಆಕ್ಸಿಲರೇಟರ್ ಬಿಡಿ, ಮುಳ್ಳು ಎಷ್ಟು ಬೇಗ ಇಳಿಯುತ್ತದೆ ನೋಡಿ. ಕೆಲವು ಇಂಜಿನ್‌ಗಳಲ್ಲಿ ಅದು ಮೇಲೇ ನೇತಾಡುತ್ತಿರುತ್ತದೆ, ಹೊಗೆಯ ನಿಯಮಗಳಿಗಾಗಿ ಹಾಗೆ ಟ್ಯೂನ್ ಮಾಡಿರುತ್ತಾರೆ, ಭಾರದ ಫ್ಲೈವೀಲ್ (ಇಂಜಿನ್ನಿಗೆ ಜೋಡಿಸಿದ ಚಕ್ರ) ಕೂಡ ಕಾರಣ. ಅಂಥ ಗಾಡಿಯಲ್ಲಿ ನಯವಾಗಿ ಗೇರ್ ಏರಿಸಬೇಕಾದರೆ ಪ್ರತಿ ಸಲ ಕಾಯಬೇಕು. ಮ್ಯಾನುಯಲ್‌ನ ಅರ್ಧ ಮಜಾ ಅಲ್ಲೇ ಹೋಯಿತು.

ಆಟೊಮ್ಯಾಟಿಕ್‌ನಲ್ಲಿ ಜೋರಾಗಿ ಓಡಿಸಿ ನೋಡುವುದರಿಂದ ಏನೂ ಗೊತ್ತಾಗಲ್ಲ, ಅಲ್ಲಿ ಎಲ್ಲವೂ ಚೆನ್ನಾಗಿರುತ್ತವೆ. ನಿಧಾನದಲ್ಲಿ ನೋಡಿ. ರಿವರ್ಸ್‌ನಲ್ಲಿ ಸಣ್ಣ ಏರು ಹತ್ತಿಸಿ. ನಿಲ್ಲಲು ಹೊರಟು, ಪೂರ್ತಿ ನಿಲ್ಲುವ ಮುಂಚೆಯೇ ಸಿಗ್ನಲ್ ಬಿಟ್ಟಿತು ಅಂತ ಮತ್ತೆ ಆಕ್ಸಿಲರೇಟರ್ ಒತ್ತಿ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳು ಗಲಿಬಿಲಿಯಾಗುವುದು ಇಲ್ಲೇ, ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಕಂಫರ್ಟ್ ಮೋಡ್‌ನಲ್ಲಿ ಅರ್ಧ ಒತ್ತಿ ಓವರ್‌ಟೇಕ್ ಮಾಡಿ, ಎಷ್ಟು ತಡ ಆಗುತ್ತದೆ ಗಮನಿಸಿ. ಸ್ಟೀರಿಂಗ್ ಹಿಂದಿರುವ ಗೇರ್ ಪ್ಯಾಡಲ್ ಎಳೆದಾಗ ಗೇರ್ ತಕ್ಷಣ ಬರುತ್ತದಾ, ಆರ್‌ಪಿಎಂ ತುದಿ ಮುಟ್ಟಿದಾಗ ನೀವು ಹೇಳುವವರೆಗೆ ಕಾಯುತ್ತದಾ ಅಥವಾ ತಾನೇ ಮೇಲಿನ ಗೇರಿಗೆ ಹೋಗಿಬಿಡುತ್ತದಾ? ಮ್ಯಾನುಯಲ್ ಮೋಡ್ ಅಂತ ಬರೆದು ಕೊನೆಗೆ ತನ್ನ ಮಾತೇ ನಡೆಸುವ ಗೇರ್‌ಬಾಕ್ಸ್ ನಂಗಂತೂ ಆಗಲ್ಲ.

ಹಂತ 6: ಟ್ರ್ಯಾಕ್‌ಗೆ ಹೋಗುವವರಾದರೆ

ಆಟೊಮ್ಯಾಟಿಕ್ ತಗೊಳ್ಳಿ, ಎಣ್ಣೆ ತಣ್ಣಗಿಡುವ ಕೂಲರ್ ಇದೆಯಾ ಅಂತ ಮಾತ್ರ ಕೇಳಿ. ಎರಡೂ ಕೈ ಸ್ಟೀರಿಂಗ್ ಮೇಲೇ ಇರುತ್ತವೆ, ಬ್ರೇಕ್ ಎಲ್ಲಿ ಹಾಕಬೇಕು, ತಿರುವಿಗೆ ಯಾವ ದಾರಿ ಅನ್ನೋದರ ಮೇಲೆ ಗಮನ ಇಡಬಹುದು. ಮ್ಯಾನುಯಲ್‌ನಲ್ಲಿ ಒಂದು ದೊಡ್ಡ ಅಪಾಯವೂ ಇದೆ. ಮೂರರಿಂದ ನಾಲ್ಕಕ್ಕೆ ಏರಿಸಬೇಕಾದಲ್ಲಿ ಅವಸರದಲ್ಲಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಚಕ್ರಗಳೇ ಇಂಜಿನ್ನನ್ನು ಅದರ ಮಿತಿ ಮೀರಿ ತಿರುಗಿಸಿಬಿಡುತ್ತವೆ. ರೆವ್ ಲಿಮಿಟರ್ ಇಂಧನ ನಿಲ್ಲಿಸಬಹುದೇ ಹೊರತು ಇದನ್ನು ತಡೆಯಲಾರದು. ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಂಜಿನ್ನೇ ಹೋಗಬಹುದು. ಆಟೊಮ್ಯಾಟಿಕ್‌ನಲ್ಲಿ ನೀವು ಕೇಳಿದರೂ ಅದು ಅಂಥ ಗೇರ್ ಕೊಡುವುದಿಲ್ಲ.

ಟೈಮಿಂಗ್ ನೋಡದೆ, ಸುಮ್ನೆ ಓಡಿಸುವ ಸುಖಕ್ಕೆ ಟ್ರ್ಯಾಕ್‌ಗೆ ಹೋಗುವವರು ಈ ಹಂತ ಬಿಟ್ಟುಬಿಡಿ.

ಹಂತ 7: ಮುಂದಿನ ಖರ್ಚು

ಮ್ಯಾನುಯಲ್‌ನಲ್ಲಿ ಸವೆಯುವುದು ಕ್ಲಚ್. ಅದು ಎಷ್ಟು ದಿನ ಬರುತ್ತದೆ ಅನ್ನೋದು ಪೂರ್ತಿ ಓಡಿಸುವವರ ಕಾಲಿನ ಮೇಲೆ ನಿಂತಿದೆ. ಬದಲಿಸುವಾಗ ಜೊತೆಗೆ ಡ್ಯುಯಲ್ ಮಾಸ್ ಫ್ಲೈವೀಲ್ ಕೂಡ ಹೇಳುತ್ತಾರೆ, ಕ್ಲಚ್‌ಗಿಂತ ಅದೇ ದುಬಾರಿ ಆಗುವುದುಂಟು, ಮೊದಲೇ ದರ ಕೇಳಿಟ್ಟುಕೊಳ್ಳಿ. ಆಟೊಮ್ಯಾಟಿಕ್‌ನಲ್ಲಿ ಎಣ್ಣೆಯೇ ಜೀವ. ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ ಅಂತ ಕೆಲವು ಕಾರು ಕಂಪನಿಗಳು ಹೇಳುತ್ತವೆ. ಆದರೆ ಗೇರ್‌ಬಾಕ್ಸ್ ತಯಾರಿಸುವ ಜಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ, ಅಥವಾ ಹೆಚ್ಚೆಂದರೆ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ನಾನು ಜಡ್‌ಎಫ್ ಮಾತನ್ನೇ ನಂಬುತ್ತೇನೆ, ಜೋರಾಗಿ ಓಡಿಸುವವರು ಇನ್ನೂ ಮುಂಚೆಯೇ ಮಾಡಿಸಲಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಮ್ಯಾನುಯಲ್‌ನಲ್ಲಿ ಒಂದು ಪರೀಕ್ಷೆ. ಹೆಚ್ಚಿನ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಕೊಡಿ. ಸ್ಪೀಡ್ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಆಟೊಮ್ಯಾಟಿಕ್‌ನಲ್ಲಿ ಎಣ್ಣೆ ಬದಲಿಸಿದ ಬಿಲ್ ಕೇಳಿ. ಎಸ್‌ಎಂಜಿಯಂಥ ಹಳೆಯ ಒಂಟಿ ಕ್ಲಚ್ ವ್ಯವಸ್ಥೆ ಇರುವ ಗಾಡಿ ಎಷ್ಟೇ ಅಗ್ಗಕ್ಕೆ ಬಂದರೂ, ಅದರ ಹೈಡ್ರಾಲಿಕ್ ಭಾಗಗಳನ್ನು ರಿಪೇರಿ ಮಾಡಬಲ್ಲ ಮೆಕ್ಯಾನಿಕ್ ಗೊತ್ತಿಲ್ಲದೆ ಕೈ ಹಾಕಬೇಡಿ.

ಮರುಮಾರಾಟದ ಬಗ್ಗೆ ಜಾಸ್ತಿ ಹೇಳಲ್ಲ. ಮ್ಯಾನುಯಲ್ ಅಪರೂಪ ಆಗುತ್ತಿರುವುದರಿಂದ ಅದನ್ನೇ ಹುಡುಕಿಕೊಂಡು ಬರುವ ಹುಚ್ಚರು ಇದ್ದಾರೆ, ಆದರೆ ಅವರು ಕಡಿಮೆ ಜನ. ಅದನ್ನು ನಂಬಿ ಗೇರ್‌ಬಾಕ್ಸ್ ಆರಿಸುವುದು ಸರಿಯಲ್ಲ.

ಹಂತ 8: ತೀರ್ಮಾನ, ಆಮೇಲೆ ಅಭ್ಯಾಸ

300 ಎಚ್‌ಪಿ ಒಳಗಿನ ಗಾಡಿ, ವಾರದಲ್ಲಿ ನಿಂತು ನಿಂತು ಹೋಗುವ ಸಮಯ ಕಡಿಮೆ, ಮನೆಯಲ್ಲಿ ಬೇರೆಯವರಿಗೂ ಕ್ಲಚ್ ಬರುತ್ತದೆ ಅಂದರೆ ಮ್ಯಾನುಯಲ್ ತಗೊಳ್ಳಿ, ಎರಡು ಸಲ ಯೋಚಿಸಬೇಡಿ. 450 ದಾಟಿದ ಟರ್ಬೊ ಗಾಡಿ, ಅದೇ ದಿನನಿತ್ಯದ ಗಾಡಿ ಅಂದರೆ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್. ಟ್ರಾಫಿಕ್ ಅಷ್ಟೇನೂ ಇಲ್ಲ, ಟ್ರ್ಯಾಕ್ ಹುಚ್ಚಿದೆ ಅಂದರೆ ಡ್ಯುಯಲ್ ಕ್ಲಚ್. ನಡುವಿನ ಪವರ್‌ನಲ್ಲಿ 4ನೇ ಹಂತದ ಲೆಕ್ಕ ನಂಬಿ, ಸೆಕೆಂಡ್ ಗೇರ್ 100ರ ಆಸುಪಾಸಿನಲ್ಲೇ ಮುಗಿಯುವ ಗಾಡಿ ಮ್ಯಾನುಯಲ್‌ನಲ್ಲಿ ಖುಷಿ ಕೊಡುತ್ತದೆ, 120 ದಾಟಿದರೆ ಬೇಸರ ಬರುತ್ತದೆ.

ತಗೊಂಡ ಮೇಲೆ ಮ್ಯಾನುಯಲ್‌ನವರು ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡು ಓಡಿಸುವುದನ್ನು ಬಿಡಿ, ಪಕ್ಕದಲ್ಲಿ ಕಾಲಿಡಲು ಜಾಗ ಕೊಟ್ಟಿರುತ್ತಾರೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹಾಕಿ ಕಾಲು ತೆಗೆಯಿರಿ. ಗೇರ್ ಲಿವರ್ ಮೇಲೆ ಸುಮ್ನೆ ಕೈ ಭಾರ ಹಾಕಬೇಡಿ. ಡ್ಯುಯಲ್ ಕ್ಲಚ್‌ನವರು ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಒತ್ತಿ. ಮುಂದಿನ ಗಾಡಿ ಒಂದಡಿ ಜರುಗಿದ ಕೂಡಲೇ ನೀವೂ ಜರುಗುವ ಬದಲು ಸ್ವಲ್ಪ ಜಾಗ ಬಿಟ್ಟು ಒಂದೇ ಸಲ ಹೋಗಿ. ಟಾರ್ಕ್ ಕನ್ವರ್ಟರ್‌ನವರಿಗೆ ಕೆಲಸ ಒಂದೇ: ಗಾಡಿ ಪೂರ್ತಿ ನಿಂತ ಮೇಲೆ ಮಾತ್ರ ಡಿ ಇಂದ ರಿವರ್ಸ್‌ಗೆ ಹಾಕಿ.